ಒಂದು ಚೂರು ಸಲೈನ್‌ಗೂ

2021ರ ಮೇ. ಕೋವಿಡ್ ವಾಸಿಯಾಗಿ ಮಾಜಾಳಿಗೆ ಮರಳಿದ್ದ ನಮ್ಮ ಚಿಕ್ಕಪ್ಪನಿಗೆ ಕೆನ್ನೆ ಊದಿತು, ಮೂಗಿನಿಂದ ಕಪ್ಪು ಸಿಂಬಳ. ಸಕ್ಕರೆ ಕಾಯಿಲೆ ಮೊದಲೇ ಇತ್ತು. 'ಬ್ಲ್ಯಾಕ್ ಫಂಗಸ್' ಎಂದು ನಾವೂ ದಿನಾ ಸುದ್ದಿ ಕಳಿಸುತ್ತಿದ್ದೆವು. ಅಸಲಿಗೆ ಆ ಫಂಗಸ್ ಕಪ್ಪಲ್ಲ. ರಕ್ತ ಹರಿಯದೆ ಸತ್ತ ಮಾಂಸ ಕಪ್ಪಾಗುತ್ತದೆ. ಇದು ಗೊತ್ತಾದದ್ದು ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ.

ಮೂಗಿನೊಳಗಿಂದ ಮಾಂಸದ ಚೂರುಗಳನ್ನು ತೆಗೆದು ಎಲ್ಲವನ್ನೂ ಫಾರ್ಮಲಿನ್ ಡಬ್ಬಿಗೇ ಹಾಕಿದರು. ಫಾರ್ಮಲಿನ್‌ನಲ್ಲಿ ಫಂಗಸ್ ಸಾಯುತ್ತದೆ, ಆಮೇಲೆ ಕಲ್ಚರ್ ಮಾಡಿದರೂ ಬೆಳೆಯದು. ಒಂದು ಚೂರನ್ನು ಸಲೈನ್‌ನಲ್ಲಿ ಲ್ಯಾಬಿಗೆ ಕಳಿಸಿದ್ದರೆ ಕೆಒಎಚ್ ಹನಿ ಹಾಕಿ ಅಂದೇ ಮೈಕ್ರೋಸ್ಕೋಪಿನಲ್ಲಿ ನೋಡಬಹುದಿತ್ತು. ರಿಬ್ಬನ್ನಿನಂಥ ಅಗಲದ ಎಳೆ ಕಂಡರೆ ಮ್ಯೂಕರ್. ತೆಳ್ಳಗೆ, ಬಿದಿರಿನ ಗೆಣ್ಣಿನಂತೆ ನಡುನಡುವೆ ಅಡ್ಡಗೋಡೆ ಇದ್ದರೆ ಆಸ್ಪರ್ಜಿಲಸ್ ಇರಬಹುದು. ಔಷಧಿಯೂ ಬೇರೆ. ಆಸ್ಪರ್ಜಿಲಸ್‌ಗೆ ಕೊಡುವ ವೊರಿಕೊನಜೋಲ್ ಮ್ಯೂಕರ್‌ಗೆ ನಾಟುವುದೇ ಇಲ್ಲ, ಅದಕ್ಕೆ ಆಂಫೊಟೆರಿಸಿನ್ ಬೇಕು.

ವರದಿಗೆ ಐದು ದಿನ ಕಾದೆವು. ಅಷ್ಟರಲ್ಲಿ ಎಡಗಣ್ಣು ಹೋಯಿತು. ಚಿಕ್ಕಪ್ಪ ಈಗ ದೋಣಿಗೆ ಹೋಗುವುದಿಲ್ಲ, ಅಂಗಳದಲ್ಲಿ ಕೂತು ಹರಿದ ಬಲೆ ಸರಿಮಾಡುತ್ತಾರೆ.

ಮೊನ್ನೆ ಪಕ್ಕದ ಮನೆಯವರ ಬಯಾಪ್ಸಿಗೆ ಜೊತೆಗೆ ಹೋಗಿದ್ದೆವು. ಫಂಗಸ್ ಅನುಮಾನವೇ. ಒಳಗೆ ಕರೆಯುವ ಮೊದಲೇ ಕೇಳಿದೆವು: "ಡಾಕ್ಟ್ರೇ, ಒಂದು ಚೂರು ಸಲೈನ್‌ಗೂ ಹಾಕ್ತೀರಲ್ಲ?"