ಆಕಾಶದಲ್ಲೊಂದು ಟೆಂಡರು

ಶಿರಸಿಯ ಅಡಿಕೆ ಪೇಟೆಯಲ್ಲಿ ವ್ಯಾಪಾರವೆಂದರೆ ಕೂಗಾಟವಲ್ಲ. ಅಲ್ಲಿ ನಡೆಯುವುದು ಟೆಂಡರು. ಚಾಲಿ, ರಾಶಿ, ಬೆಟ್ಟೆ, ಗೋಟು ಎಂದು ಬೇರೆ ಬೇರೆಯಾಗಿ ಇಟ್ಟ ಅಡಿಕೆಗೆ ಲಾಟು ನಂಬರು ಬಿದ್ದಿರುತ್ತದೆ. ವ್ಯಾಪಾರಿ ಬರುತ್ತಾನೆ, ಒಂದು ಹಿಡಿ ಎತ್ತಿಕೊಳ್ಳುತ್ತಾನೆ, ಒಂದೆರಡನ್ನು ಒಡೆದು ನೋಡುತ್ತಾನೆ. ಮುಖದಲ್ಲಿ ಏನನ್ನೂ ತೋರಗೊಡದೆ ಮುಂದಿನ ಲಾಟಿಗೆ ಹೋಗುತ್ತಾನೆ. ದರ ನಮೂದಿಸುವುದು ಗುಟ್ಟಾಗಿ. ಪಕ್ಕದವನು ಎಷ್ಟು ಬರೆದ ಎಂಬುದು ಇವನಿಗೆ ತಿಳಿಯದು. ಚೀಟಿಯ ಜಾಗಕ್ಕೆ ಕಂಪ್ಯೂಟರು ಬಂದ ಮೇಲೂ ಈ ಗುಟ್ಟು ಹಾಗೆಯೇ ಉಳಿದಿದೆ. ಟೆಂಡರು ತೆರೆದ ಮೇಲೆ ಮಾತ್ರ ದರ ಎಲ್ಲರಿಗೂ ಬಯಲು. ಹೆಚ್ಚು ಬರೆದವನಿಗೆ ಮಾಲು. ಬಂದ ದರ ಬೆಳೆಗಾರನಿಗೆ ಹಿಡಿಸದಿದ್ದರೆ ಅವನು ಕೊಡುವುದಿಲ್ಲ ಎನ್ನಲೂಬಹುದು.

ಇಂಥ ಪೇಟೆಯಲ್ಲಿ ಮೂವತ್ತು ವರ್ಷ ಅಡಿಕೆ ಮಾರಿದ ತಂದೆಯೊಬ್ಬರಿಗೆ, ಸಿಡ್ನಿಯಲ್ಲಿ ಓದುತ್ತಿದ್ದ ಮಗಳು ವಿಮಾನದ ಸೀಟಿಗೆ ‘ಬಿಡ್’ ಹಾಕುವ ವಿಷಯವನ್ನು ಫೋನಿನಲ್ಲಿ ವಿವರಿಸತೊಡಗಿದಾಗ, ಅವಳು ಅರ್ಧಕ್ಕೆ ಬರುವ ಮೊದಲೇ ಎಲ್ಲವೂ ಅರ್ಥವಾಯಿತು. “ಇದು ನಮ್ಮ ಟೆಂಡರೇ ಅಲ್ಲವೇನೇ?” ಎಂದರು. ಅವರು ಆವರೆಗೆ ವಿಮಾನ ಹತ್ತಿದವರಲ್ಲ.

ಸಂಗತಿ ಇಷ್ಟು. 2025ರ ಡಿಸೆಂಬರಿನಲ್ಲಿ ಮಗಳ ಪದವಿ ಪ್ರದಾನ ಸಮಾರಂಭ. ತಂದೆ ತಾಯಿ ಇಬ್ಬರಿಗೂ ಬೆಂಗಳೂರಿನಿಂದ ಸಿಡ್ನಿಗೆ ಸಾಮಾನ್ಯ ದರ್ಜೆಯ ಟಿಕೆಟು ಆಗಿತ್ತು. 2022ರ ಸೆಪ್ಟೆಂಬರಿನಲ್ಲಿ ಕ್ವಾಂಟಾಸ್ ಕಂಪನಿ ಈ ಎರಡು ಊರುಗಳ ನಡುವೆ ನೇರ ವಿಮಾನ ಆರಂಭಿಸಿದ ಮೇಲೆ, ಮಧ್ಯದಲ್ಲೆಲ್ಲೋ ಇಳಿದು ಇನ್ನೊಂದು ವಿಮಾನ ಹುಡುಕುವ ಫಜೀತಿ ನಮ್ಮ ಕಡೆಯ ಹಿರಿಯರಿಗೆ ತಪ್ಪಿದೆ. ಆದರೂ ಹನ್ನೊಂದು ಹನ್ನೆರಡು ಗಂಟೆಗಳ ಪ್ರಯಾಣ, ಅದೂ ರಾತ್ರಿಯದು. ತಾಯಿಗೆ ಎರಡೂ ಮೊಣಕಾಲು ನೋವು. ಶಿರಸಿಯಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಬಂದರೇ ಮರುದಿನ ಏಳುವುದು ಕಷ್ಟ. ಹೀಗಿರುವಾಗ ಪ್ರಯಾಣಕ್ಕೆ ಕೆಲವು ದಿನ ಮೊದಲು ಮಗಳಿಗೆ ಮಿಂಚಂಚೆಯೊಂದು ಬಂತು: ನಿಮ್ಮ ಪಾಯಿಂಟುಗಳೊಂದಿಗೆ ಸ್ವಲ್ಪ ಹಣ ಸೇರಿಸಿ ಬಿಡ್ ಮಾಡಿ, ಬಿಸಿನೆಸ್ ಕ್ಲಾಸಿನ ಸೀಟು ಸಿಗಬಹುದು.

ಸಿಗಬಹುದು ಎಂಬಲ್ಲಿಯೇ ಇಡೀ ವ್ಯವಹಾರ ನಿಂತಿದೆ. ಬಿಸಿನೆಸ್ ಕ್ಲಾಸಿನಲ್ಲಿ ಸೀಟನ್ನು ಮಂಚದಂತೆ ಚಾಚಿ ಮಲಗಬಹುದು. ಅಂಥ ಸೀಟು ಒಂದು ವಿಮಾನದಲ್ಲಿ ಹೆಚ್ಚೆಂದರೆ ಕೆಲವು ಡಜನ್. ಅವುಗಳಲ್ಲಿ ನಾಲ್ಕಾರು ಖಾಲಿ ಉಳಿದರೆ, ವಿಮಾನ ನೆಲ ಬಿಟ್ಟ ಕ್ಷಣದಿಂದ ಅವುಗಳ ಬೆಲೆ ಸೊನ್ನೆ. ಸಂಜೆಯಾದ ಮೇಲೆ ಉಳಿದ ಮಲ್ಲಿಗೆಯ ಹಾಗೆ. ಆದರೆ ಹೂವಿನವಳು ಕತ್ತಲಾಗುತ್ತಿದ್ದಂತೆ ಮೊಳಕ್ಕೆ ಅರ್ಧ ಬೆಲೆ ಎಂದು ಕೂಗಿ ಮಾರುತ್ತಾಳೆ. ವಿಮಾನ ಕಂಪನಿ ಹಾಗೆ ಕೂಗುವಂತಿಲ್ಲ. ಕೂಗಿದರೆ ಪೂರ್ತಿ ದರ ಕೊಡುವ ಗಿರಾಕಿಯೂ ಮುಂದಿನ ಸಲ ಸಂಜೆಯವರೆಗೆ ಕಾಯುತ್ತಾನೆ. ಅದಕ್ಕೇ ಈ ಮುಚ್ಚಿದ ಲಕೋಟೆಯ ಉಪಾಯ. ಯಾರಿಗೆ ಎಷ್ಟಕ್ಕೆ ಕೊಟ್ಟೆವು ಎಂಬುದು ಹೊರಗೆ ಬರುವುದಿಲ್ಲ. ರಿಯಾಯಿತಿಯೂ ಕೊಟ್ಟಂತಾಯಿತು, ಬೆಲೆಯ ಮರ್ಯಾದೆಯೂ ಉಳಿಯಿತು. ಇಂಥ ಬಿಡ್‌ಗಳನ್ನು ಅನೇಕ ಕಂಪನಿಗಳ ಪರವಾಗಿ ನಡೆಸಿಕೊಡುವುದನ್ನೇ ಕಸುಬು ಮಾಡಿಕೊಂಡ ಪ್ಲಸ್‌ಗ್ರೇಡ್ ಎಂಬ ಸಂಸ್ಥೆ ಕೆನಡಾದ ಮಾಂಟ್ರಿಯಲ್ ನಗರದಲ್ಲಿದೆ. ಅದು ಹುಟ್ಟಿದ್ದು 2009ರಲ್ಲಿ.

ಬಿಡ್ ಹಾಕುವ ಪುಟದಲ್ಲಿ ಸಾಮಾನ್ಯವಾಗಿ ಒಂದು ಮಾಪಕದ ಚಿತ್ರವಿರುತ್ತದೆ. ಮೊತ್ತ ಏರಿಸಿದಂತೆ ಅದರ ಮುಳ್ಳು ‘ದುರ್ಬಲ’ದಿಂದ ‘ಪ್ರಬಲ’ದ ಕಡೆ ಸರಿಯುತ್ತದೆ. ಈ ಮುಳ್ಳನ್ನು ಕಂಡು ಮರುಳಾಗಬಾರದು. ಅದನ್ನು ಇಟ್ಟವನೇ ಮಾಲು ಮಾರುವವನು! ತಂದೆ ಕೇಳಿದ ಮೊದಲ ಪ್ರಶ್ನೆಯೂ ಇದೇ: ಎಷ್ಟು ಲಾಟು ಇದೆ, ಎಷ್ಟು ಮಂದಿ ವ್ಯಾಪಾರಿಗಳು ಕೂತಿದ್ದಾರೆ? ಎರಡೂ ಗೊತ್ತಾಗುವುದಿಲ್ಲ ಎಂದಳು ಮಗಳು. ಹಾಗಾದರೆ ಇದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಟೆಂಡರು ಎಂದು ಅವರು ನಕ್ಕರು.

ನಿಯಮಗಳೂ ಒಂದಿಷ್ಟು ಇವೆ. ಬಿಡ್ ಮಾಡಿದ ಮೊತ್ತ ಟಿಕೆಟಿನ ಹಣದ ಮೇಲೆ ಹೆಚ್ಚುವರಿ. ಅದು ತಲೆಗೆ ಇಷ್ಟು ಎಂದೇ ಇರುತ್ತದೆ. ಒಂದೇ ಟಿಕೆಟಿನಲ್ಲಿ ಇಬ್ಬರ ಹೆಸರಿದ್ದರೆ ಸಾಮಾನ್ಯವಾಗಿ ಇಬ್ಬರಿಗೂ ಸೇರಿಸಿಯೇ ಹಾಕಬೇಕು. ಸಿಗದಿದ್ದರೆ ಹಣ ಕಡಿತವಾಗುವುದಿಲ್ಲ. ಸಿಕ್ಕರೆ ಮಾತ್ರ ಹಿಂದೆ ಸರಿಯುವಂತಿಲ್ಲ. ಅಪ್ಪನಿಗೆ ಬೇಡ, ಅಮ್ಮನಿಗೆ ಮಾತ್ರ ಸಾಕು ಎಂಬ ಏರ್ಪಾಡು ಬೇಕಿದ್ದರೆ ಟಿಕೆಟನ್ನೇ ಬೇರೆ ಬೇರೆ ಮಾಡಿಸಬೇಕಿತ್ತು. ಅದು ಈ ಮನೆಯಲ್ಲಿ ನಡೆಯುವ ಮಾತಲ್ಲ. ಮೊದಲ ಸಲ ವಿಮಾನ ಹತ್ತುವ ಹೆಂಗಸು ಪರದೆಯ ಆಚೆ ಒಬ್ಬಳೇ ಮಲಗುವುದುಂಟೆ?

ಮಗಳ ಯೋಜನೆ ಸಿದ್ಧವಾಗಿತ್ತು. ಅವಳ ಖಾತೆಯಲ್ಲಿ ಹನ್ನೆರಡು ಸಾವಿರ ಪಾಯಿಂಟು. ತಲೆಗೆ ಆರು ಸಾವಿರ ಪಾಯಿಂಟು, ಜೊತೆಗೆ ನಾನೂರು ಡಾಲರು. ಪಾಯಿಂಟುಗಳನ್ನು ಮನೆಯವರ ಖಾತೆಗೆ ವರ್ಗಾಯಿಸಲು ಕ್ವಾಂಟಾಸಿನಲ್ಲಿ ಅವಕಾಶವುಂಟು. “ಪಾಯಿಂಟು ಹೇಗೂ ಪುಕ್ಕಟೆ, ಅಮ್ಮ” ಎಂದಳು.

ತಾಯಿ ಡೇರಿಗೆ ಹಾಲು ಹಾಕಿ ಲೆಕ್ಕ ಬರೆದಿಟ್ಟು ಮನೆ ನಡೆಸಿದವರು. ಪುಕ್ಕಟೆ ಎಂಬ ಮಾತು ಅವರಿಗೆ ರುಚಿಸಲಿಲ್ಲ. “ಆ ಪಾಯಿಂಟಿಗೆ ಅಂಗಡಿಯಲ್ಲಿ ಅಕ್ಕಿ ಸಿಗುತ್ತದೋ?” ಎಂದು ಕೇಳಿದರು.

ಸಿಗುತ್ತದೆ. ಆಸ್ಟ್ರೇಲಿಯಾದ ವೂಲ್‌ವರ್ತ್ಸ್ ಅಂಗಡಿಯಲ್ಲಿ ಒಂದು ಡಾಲರಿನ ಸಾಮಾನಿಗೆ ಒಂದು ಪಾಯಿಂಟು. ಅಂಥ ಎರಡು ಸಾವಿರ ಸೇರಿದರೆ ಬಿಲ್ಲಿನಲ್ಲಿ ಹತ್ತು ಡಾಲರು ಕಡಿತ. ಇಲ್ಲವೇ, ಬೇಕೆಂದವರಿಗೆ ಅದರ ಬದಲು ಒಂದು ಸಾವಿರ ಕ್ವಾಂಟಾಸ್ ಪಾಯಿಂಟು. ಅಂದರೆ ವಿಮಾನದ ಸಾವಿರ ಪಾಯಿಂಟಿಗೆ ಹತ್ತು ಡಾಲರು, ಪಾಯಿಂಟೊಂದಕ್ಕೆ ಒಂದು ಸೆಂಟು. ಹನ್ನೆರಡು ಸಾವಿರಕ್ಕೆ ನೂರಿಪ್ಪತ್ತು ಡಾಲರು. ಮಗಳ ಪಾಯಿಂಟುಗಳಲ್ಲಿ ಹೆಚ್ಚಿನವು ಊರಿಗೆ ಬಂದುಹೋದ ವಿಮಾನಗಳಿಂದ ಬಂದವೇ ಆದರೂ, ತಕ್ಕಡಿಗೆ ಹಾಕಿದಾಗ ಎಲ್ಲದರ ತೂಕ ಒಂದೇ. “ಹಾಗಾದರೆ ಅದು ದುಡ್ಡೇ” ಎಂದರು ತಾಯಿ. ವಿಮಾನ ಕಂಪನಿಗಳು ಪಾಯಿಂಟು ಎಂಬ ಹೊಸ ನಾಣ್ಯವನ್ನು ಟಂಕಿಸಿದ್ದೇ ಅದನ್ನು ಕೊಡುವಾಗ ಕೈ ಹಗುರವಾಗಲಿ ಎಂದು. ಅಮೆರಿಕನ್ ಏರ್‌ಲೈನ್ಸ್ 1981ರಲ್ಲಿ ತನ್ನ ಮೈಲಿ ಲೆಕ್ಕದ ಯೋಜನೆ ತೆರೆದಾಗಿನಿಂದ ಈ ನಾಣ್ಯ ಜಗತ್ತೆಲ್ಲ ಚಲಾವಣೆಯಲ್ಲಿದೆ.

ಇನ್ನು ಎಂಟುನೂರು ಡಾಲರಿನ ಲೆಕ್ಕ. ನಲವತ್ತು ಸಾವಿರ ರೂಪಾಯಿಗೂ ಮಿಕ್ಕಿದ ಮೊತ್ತ. ಆಸ್ಟ್ರೇಲಿಯಾದಲ್ಲಿ 2025ರ ಜುಲೈಯಿಂದ ಕನಿಷ್ಠ ಕೂಲಿ ಗಂಟೆಗೆ 24.95 ಡಾಲರು. ಕಾಯಂ ಅಲ್ಲದ ಕೆಲಸಕ್ಕೆ ಅದರ ಮೇಲೆ ಶೇಕಡಾ 25 ಹೆಚ್ಚು, ಅಂದರೆ ಸುಮಾರು 31 ಡಾಲರು. ಎಂಟುನೂರು ಗಳಿಸಲು ಇಪ್ಪತ್ತಾರು ಗಂಟೆ ಬೇಕು, ತೆರಿಗೆಯ ಮಾತು ಬೇರೆ. ವಿದೇಶಿ ವಿದ್ಯಾರ್ಥಿಗಳು ತರಗತಿಗಳಿರುವ ಅವಧಿಯಲ್ಲಿ ಹದಿನೈದು ದಿನಕ್ಕೆ 48 ಗಂಟೆ ಮೀರಿ ದುಡಿಯುವಂತಿಲ್ಲ ಎಂದು 2023ರ ಜುಲೈಯಿಂದ ನಿಯಮವಿದೆ. ತಂದೆ ತಾಯಿ ಒಂದು ರಾತ್ರಿ ಮಲಗಿ ಬರಲು ಮಗಳು ವಾರಕ್ಕೂ ಹೆಚ್ಚಿನ ದುಡಿಮೆಯನ್ನು ನಿಂತು ಮುಗಿಸಬೇಕು. ಅವಳ ಕೆಲಸ ಹೋಟೆಲಿನ ಕೌಂಟರಿನ ಹಿಂದೆ, ಕೂರಲು ಸ್ಟೂಲು ಸಹ ಇಲ್ಲದ ಕಡೆ.

ಈ ಲೆಕ್ಕವನ್ನು ಅವಳು ಹೇಳಿರಲಿಲ್ಲ. ತಾಯಿ ಒಂದೊಂದೇ ಪ್ರಶ್ನೆ ಕೇಳಿ ಹೊರಡಿಸಿದರು. ಕೊನೆಗೆ, ಬ್ಯಾಂಕಿನ ಶಿಕ್ಷಣ ಸಾಲ ಇನ್ನೂ ತೀರಿಲ್ಲ, ಅದಕ್ಕೆ ಕಟ್ಟು ಎಂದರು. ಮಗಳಿಗೆ ಸಿಟ್ಟು ಬಂತು. ಒಂದು ರಾತ್ರಿ ನೀನು ಕಾಲು ಚಾಚಿ ಮಲಗಲಿ ಎಂದರೆ ಅದಕ್ಕೂ ಸಾಲದ ಲೆಕ್ಕವೆ ಎಂದು ಕೇಳಿ ಫೋನಿಟ್ಟಳು. ಎರಡು ದಿನ ಕರೆ ಬರಲಿಲ್ಲ.

ಹರಾಜಿನ ಬಗ್ಗೆ ಅರ್ಥಶಾಸ್ತ್ರಜ್ಞರು ಸಾಕಷ್ಟು ಬರೆದಿದ್ದಾರೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ವಿಲಿಯಂ ವಿಕ್ರಿ 1961ರ ಪ್ರಬಂಧವೊಂದರಲ್ಲಿ ಒಂದು ಸೊಗಸಾದ ಮಾತು ತೋರಿಸಿಕೊಟ್ಟ. ಮುಚ್ಚಿದ ಟೆಂಡರಿನಲ್ಲಿ ಗೆದ್ದವನು ತಾನು ಬರೆದಷ್ಟನ್ನೇ ಕೊಡಬೇಕೆಂದರೆ, ಪ್ರತಿಯೊಬ್ಬನೂ ತನ್ನ ಮನಸ್ಸಿನ ಬೆಲೆಗಿಂತ ಕಡಿಮೆ ಬರೆಯುತ್ತಾನೆ. ಅದರ ಬದಲು, ಗೆದ್ದವನು ತನ್ನ ಕೆಳಗಿನವನು ಬರೆದ ಬೆಲೆ ಕೊಟ್ಟರೆ ಸಾಕು ಎಂದು ನಿಯಮ ಮಾಡಿ. ಆಗ ಸುಳ್ಳು ಬರೆಯುವುದರಿಂದ ಯಾರಿಗೂ ಲಾಭವಿಲ್ಲ. ಎಲ್ಲರೂ ತಮ್ಮ ನಿಜವಾದ ಬೆಲೆಯನ್ನೇ ಬರೆಯುತ್ತಾರೆ. ಈತನಿಗೆ 1996ರಲ್ಲಿ ನೊಬೆಲ್ ಬಹುಮಾನ ಘೋಷಣೆಯಾಯಿತು, ಮೂರೇ ದಿನಕ್ಕೆ ತೀರಿಕೊಂಡ. ವಿಮಾನದ ಬಿಡ್‌ನಲ್ಲಿ ವಿಕ್ರಿಯ ನಿಯಮ ಇಲ್ಲ, ಬರೆದಷ್ಟೂ ಕೊಡಬೇಕು. ಆದ್ದರಿಂದ ಪುಸ್ತಕದ ಸಲಹೆ ಸರಳ: ಆ ಸೀಟು ನಿಮಗೆ ಎಷ್ಟು ಬಾಳುತ್ತದೆಂದು ಮೊದಲು ತೀರ್ಮಾನಿಸಿ, ಅದಕ್ಕಿಂತ ಕೆಳಗೆ ಬರೆಯಿರಿ.

ಸರಿ, ಆದರೆ ಇಲ್ಲಿ ‘ನಿಮಗೆ’ ಎಂದರೆ ಯಾರಿಗೆ? ದುಡ್ಡು ಕೊಡುವವಳು ಒಬ್ಬಳು, ಮಲಗುವವರು ಬೇರೆ. ತಂದೆ ಆ ರಾತ್ರಿ ಊಟದ ಹೊತ್ತಿಗೆ ತಾಯಿಯನ್ನೇ ಕೇಳಿದರು, ನಿನ್ನ ಲೆಕ್ಕದಲ್ಲಿ ಆ ಮಂಚಕ್ಕೆ ಎಷ್ಟು? ತಾಯಿ ಯೋಚಿಸಿ ಐದು ಸಾವಿರ ರೂಪಾಯಿ ಎಂದರು, ಅದೂ ಇಬ್ಬರಿಗೂ ಸೇರಿ. ಮಗಳ ಬೆಲೆ ನಲವತ್ತು ಸಾವಿರಕ್ಕೂ ಮೇಲೆ. ಒಂದೇ ಲಾಟಿಗೆ ಇಷ್ಟು ಅಂತರದ ದರ ಅವರು ಪೇಟೆಯಲ್ಲಿ ಕಂಡಿರಲಿಲ್ಲ. ಮಗಳು ಬೆಲೆ ಕಟ್ಟುತ್ತಿರುವುದು ಸೀಟಿಗಲ್ಲ ಎಂದು ಅವರಿಗೆ ಹೊಳೆದದ್ದು ಆಗಲೇ ಇರಬೇಕು. ಎರಡು ವರ್ಷ ಮನೆಯಿಂದ ತರಿಸಿಕೊಂಡು ಓದಿದ ಹುಡುಗಿ ಮೊದಲ ಸಲ ತಾನೂ ಕೊಡಲು ಹೊರಟಿದ್ದಾಳೆ. ಅದನ್ನು ಬೇಡ ಎಂದದ್ದು ತಾಯಿಯ ಪ್ರೀತಿಯೇ ಆದರೂ, ಪೆಟ್ಟು ಪೆಟ್ಟೇ.

ಮರುದಿನ ಅವರೇ ಫೋನು ಮಾಡಿದರು. ಟೆಂಡರು ಹಾಕು, ಆದರೆ ನಾನೂರಲ್ಲ, ಇನ್ನೂರ ಐವತ್ತು ಎಂದರು. ಸಿಗದಿದ್ದರೆ ಅಳಬಾರದು, ಸಿಕ್ಕರೆ ಮತ್ತೆ ಲೆಕ್ಕ ಹಾಕಬಾರದು ಎಂದೂ ಸೇರಿಸಿದರು. ಅಮ್ಮನಿಗೆ? ಅವಳಿಗೆ ಪಾಯಿಂಟು ಮಾತ್ರ ಎಂದು ಹೇಳಿದರಾಯಿತು.

ಕಾಲಿನ ವಿಷಯಕ್ಕೆ ಡಾಕ್ಟರು ಹೇಳಿದ್ದು ಬೇರೆಯೇ. ದೀರ್ಘ ಪ್ರಯಾಣದಲ್ಲಿ ಕಾಲಿನ ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಜನ ಅಗ್ಗದ ಸೀಟಿನ ಕಾಯಿಲೆ ಎಂದೇ ತಿಳಿದಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಾಲ್ಕು ಗಂಟೆಗೂ ಮೀರಿ ಕದಲದೆ ಕುಳಿತರೆ ಆ ಅಪಾಯ ಸುಮಾರು ಎರಡು ಪಟ್ಟು. ಕುಳಿತದ್ದು ಬಸ್ಸಿನಲ್ಲೋ ರೈಲಿನಲ್ಲೋ ವಿಮಾನದಲ್ಲೋ ಎಂಬ ಭೇದವಿಲ್ಲ. ಹಾಗೆಂದು ಬೆದರಬೇಕಿಲ್ಲ, ಅಪಾಯ ಮೂಲತಃ ಚಿಕ್ಕದು, ಆರು ಸಾವಿರಕ್ಕೆ ಒಬ್ಬರಿಗೆ. ಮದ್ದು ಎಂದರೆ ಆಗಾಗ ಎದ್ದು ನಡೆಯುವುದು, ಕೂತಲ್ಲೇ ಪಾದ ಆಡಿಸುವುದು. ಇದಕ್ಕೆ ಓಣಿಯ ಪಕ್ಕದ ಸೀಟು ಸಾಕು. ನಿಲ್ದಾಣದಲ್ಲಿ ಗಾಲಿಕುರ್ಚಿ ಬೇಕೆಂದು ಮೊದಲೇ ತಿಳಿಸಿದರೆ ಅದಕ್ಕೆ ಹಣವೂ ಇಲ್ಲ. ಹಿರಿಯರನ್ನು ಕರೆಸಿಕೊಳ್ಳುವ ಮಕ್ಕಳು ಬಿಡ್ ಹಾಕುವ ಮೊದಲು ಇವೆರಡನ್ನು ಮಾಡಿಟ್ಟರೆ ಒಳ್ಳೆಯದು. ಮಗಳು ಮಾಡಿಟ್ಟಿದ್ದಳು.

ಬಿಡ್ ಸಿಗಲಿಲ್ಲ. ಹಿಂದಿನ ದಿನ ಎರಡು ಸಾಲಿನ ಸಂದೇಶ ಬಂತು, ಅಷ್ಟೆ. ತಾಯಿ ಓಣಿಯ ಪಕ್ಕದ ಸೀಟಿನಲ್ಲಿ ಕುಳಿತು, ಎರಡು ಗಂಟೆಗೊಮ್ಮೆ ಎದ್ದು, ವಿಮಾನದ ಹಿಂಬದಿಯವರೆಗೆ ಹೋಗಿ ಬಂದರು. ಸಿಡ್ನಿಯಲ್ಲಿ ಗಾಲಿಕುರ್ಚಿ ಕಾದು ನಿಂತಿತ್ತು. ಬೇಡವೆಂದು ಅದನ್ನು ಹಿಂದೆ ಕಳಿಸಿ, ಹೊರಬಾಗಿಲಲ್ಲಿ ನಿಂತ ಮಗಳಿಗೆ ಕಾಣುವಂತೆ ನೆಟ್ಟಗೆ, ಬೇಗ ಬೇಗ ನಡೆದು ಬಂದರು. ಹಿಂದೆ ಸಾಮಾನಿನ ಗಾಡಿ ತಳ್ಳುತ್ತಿದ್ದ ತಂದೆಗೆ ಆ ನಡಿಗೆಯ ಬೆಲೆ ಗೊತ್ತಿತ್ತು. ಮಗಳ ಬಾಡಿಗೆ ಮನೆಯ ಮೆಟ್ಟಿಲ ಬಳಿ ಅವರು ಗೋಡೆ ಹಿಡಿದು ಬಹಳ ಹೊತ್ತು ನಿಂತರು.

ಹಿಂದಿರುಗುವ ಪ್ರಯಾಣಕ್ಕೆ ವಾರವಿರುವಾಗ ಅಂಥದೇ ಮಿಂಚಂಚೆ ಮತ್ತೆ ಬಂತು. ಈ ಸಲ ಮಗಳು ತಂದೆಗೆ ಮಾತ್ರ ತೋರಿಸಿದಳು. ಹೋದ ಸಲ ಆ ಸೀಟು ಎಷ್ಟಕ್ಕೆ ಹೋಯಿತು ಎಂದು ಕೇಳಿದರು. ಅದನ್ನು ಹೇಳುವುದಿಲ್ಲ ಎಂದಳು. ಟೆಂಡರು ತೆರೆದ ಮೇಲೂ ದರ ಹೇಳದ ಪೇಟೆ ಎಂಥ ಪೇಟೆ ಎಂದು ಗೊಣಗಿದರು. ಅಡುಗೆಮನೆಯಲ್ಲಿ ಒಗ್ಗರಣೆ ಸಿಡಿಯುವ ಸದ್ದಾಗುತ್ತಿತ್ತು. ಅತ್ತ ಒಮ್ಮೆ ನೋಡಿ, ದನಿ ತಗ್ಗಿಸಿ, “ಇನ್ನೊಂದು ಐವತ್ತು ಸೇರಿಸು” ಎಂದರು.