ಊಟದ ಪಕ್ಕದ ಬಟ್ಟಲು

ಕನ್ನಡದಲ್ಲಿ ಕುಡಿತಕ್ಕೂ ಊಟಕ್ಕೂ ಒಂದೇ ಪಂಕ್ತಿಯಲ್ಲಿ ಜಾಗವಿಲ್ಲ. ಮಹಾಕಾವ್ಯದ ಹದಿನೆಂಟು ವರ್ಣನೆಗಳಲ್ಲಿ ಮಧುಪಾನವೂ ಒಂದು. ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಿಯೂ ಪಾನಗೋಷ್ಠಿಯ ಚಿತ್ರವಿದೆ. ಆದರೆ ಕಾವ್ಯದಲ್ಲಿ ಮಧು ಒಲವಿನ ಸಂಗಾತಿಯೇ ಹೊರತು ಅನ್ನದ ಸಂಗಾತಿಯಲ್ಲ. ಇತ್ತ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ದಲ್ಲಿ ಅಡುಗೆಯ ಅಷ್ಟೊಂದು ವಿಸ್ತಾರವಿದ್ದರೂ ಆ ಜೈನಕವಿಯ ಅಡುಗೆಮನೆಗೆ ಮದ್ಯ ಬರುವಂತೆಯೇ ಇಲ್ಲ. ಇಂದಿನ ಆಡುಮಾತಿನಲ್ಲಿಯೂ ‘ಅವನು ಕುಡಿಯುತ್ತಾನೆ’ ಎಂದರೆ ಸಾಕು, ಏನನ್ನು ಎಂದು ಯಾರೂ ಕೇಳುವುದಿಲ್ಲ. ಕರ್ಮಪದವಿಲ್ಲದ ಆ ವಾಕ್ಯವೇ ಒಂದು ತೀರ್ಪು.

ಇಟಲಿಯವರು ಬಿಳಿಯ ವೈನನ್ನು ಕಾಣುವ ಬಗೆ ಬೇರೆ. ಅವರಿಗೆ ಅದು ರೊಟ್ಟಿ, ಎಣ್ಣೆ, ಉಪ್ಪುಗಳ ಸಾಲಿನಲ್ಲಿ ಬರುವ ವಸ್ತು. ನನಗೆ ಪರಿಚಯವಾದದ್ದು ಸೊವಾವೆ. ಷೇಕ್ಸ್‌ಪಿಯರ್ ತನ್ನ ರೋಮಿಯೋ ಜೂಲಿಯೆಟ್ಟರನ್ನು ಇರಿಸಿದ ವೆರೋನಾ ನಗರದ ಪೂರ್ವಕ್ಕೆ, ಕೋಟೆಗೋಡೆಯೊಳಗಿನ ಪುಟ್ಟ ಊರೊಂದಕ್ಕೆ ಆ ಹೆಸರು. ಸುತ್ತಲಿನ ಗುಡ್ಡಗಳಲ್ಲಿ ಗಾರ್ಗಾನೆಗಾ ಎಂಬ ಬಿಳಿ ದ್ರಾಕ್ಷಿ ಬೆಳೆಯುತ್ತದೆ. 1968ರಲ್ಲಿ ಆ ವೈನಿಗೆ ಮೂಲಸ್ಥಾನದ ಅಧಿಕೃತ ಮನ್ನಣೆ ದೊರೆಯಿತು. ಅದರಲ್ಲಿ ಗಾರ್ಗಾನೆಗಾ ಕನಿಷ್ಠ ಶೇಕಡಾ 70ರಷ್ಟು ಇರಲೇಬೇಕು. ಆ ಗುಡ್ಡಗಳಲ್ಲಿ ಹಲವು ಜ್ವಾಲಾಮುಖಿಯ ಕಪ್ಪುಕಲ್ಲಿನವು. ನಮ್ಮ ವಿಜಯಪುರದ ಎರೆಮಣ್ಣೂ ಅಂಥದೇ ಕಲ್ಲು ಸವೆದು ಆದದ್ದು. ಆದರೆ ನಮ್ಮಲ್ಲಿ ದ್ರಾಕ್ಷಿಯ ಬಹುಪಾಲು ನೆರಳಿನಲ್ಲಿ ಒಣಗಿ ಒಣದ್ರಾಕ್ಷಿಯಾಗಿ, ಹೋಳಿಗೆ-ಪಾಯಸಗಳ ಮರ್ಯಾದಸ್ಥ ಬದುಕನ್ನು ಸೇರುತ್ತದೆ.

ಇಟಲಿಯ ಭಾಷೆಯಲ್ಲಿ ‘ಸೊವಾವೆ’ ಎಂದರೆ ಮೃದು, ಹಿತ. ಊರಿನ ಹೆಸರು ಸ್ವೇಬಿ ಎಂಬ ಜರ್ಮನ್ ಬುಡಕಟ್ಟಿನಿಂದ ಬಂದಿತೆನ್ನುತ್ತಾರೆ. ಆದರೆ ಪದವಾಗಿ ಅದು ಲ್ಯಾಟಿನ್ನಿನ ‘ಸುವಾವಿಸ್’ನ ಕುಡಿ. ಆ ‘ಸುವಾವಿಸ್’ಗೂ ಸಂಸ್ಕೃತದ ‘ಸ್ವಾದು’ವಿಗೂ ಒಂದೇ ಮೂಲ. ನಾವು ದಿನವೂ ಆಡುವ ‘ಸ್ವಾದ’ಕ್ಕೆ ಅದು ದೂರದ ದಾಯಾದಿ.

ಇಂಥ ವೈನಿಗೆ ಇಂಗ್ಲಿಷಿನವರು ‘ಕ್ರಿಸ್ಪ್’ ಎನ್ನುತ್ತಾರೆ. ‘ಗರಿಗರಿ’ ಎಂದು ಅನುವಾದಿಸಿದರೆ ಅದು ಹಪ್ಪಳವಾದೀತು. ಅವರು ಹೇಳುತ್ತಿರುವುದು ಹುಳಿಯನ್ನು: ನಾಲಿಗೆಯ ಅಂಚಿನಲ್ಲಿ ನೀರೂರಿಸುವ, ಇನ್ನೊಂದು ತುತ್ತಿಗೆ ಕೈ ಚಾಚುವಂತೆ ಮಾಡುವ ಚುರುಕು ಹುಳಿಯನ್ನು. ಕೆಂಪು ವೈನಿನ ಟ್ಯಾನಿನ್‌ಗೆ ‘ಒಗರು’ ಎಂಬ ಪದ ನಮ್ಮಲ್ಲಿ ಮೊದಲಿನಿಂದಲೂ ಇದೆ. ಬಿಳಿ ವೈನಿನಲ್ಲಿ ಒಗರು ತೀರ ಕಡಿಮೆ. ಹುದುಗುವ ಮೊದಲೇ ರಸದಿಂದ ಸಿಪ್ಪೆಯನ್ನು ಬೇರ್ಪಡಿಸಿರುತ್ತಾರೆ. ಸೊವಾವೆಯ ಕೊನೆಯಲ್ಲಿ ಬಾದಾಮಿಯ ಸಿಪ್ಪೆಯಂಥ ಸಣ್ಣ ಕಹಿಯೊಂದು ಉಳಿಯುತ್ತದೆ.

ಅದನ್ನು ನಾನು ಮನೆಯಲ್ಲೇ ಕುಡಿಯಬೇಕಾದದ್ದಕ್ಕೆ ಸರ್ಕಾರವೂ ಕಾರಣ. 1964ರ ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳಲ್ಲಿ 22ನೆಯದು ಈ ವಿಷಯಕ್ಕೇ ಮೀಸಲು. ನೌಕರನು ಕರ್ತವ್ಯದ ವೇಳೆ ಅಮಲಿನಲ್ಲಿರಬಾರದು, ಅತಿಯಾಗಿ ಸೇವಿಸಬಾರದು, ಸಾರ್ವಜನಿಕ ಸ್ಥಳದಲ್ಲಿ ಕುಡಿಯಬಾರದು. ಹಣ ತೆತ್ತು ಒಳಹೋಗುವ ಜಾಗವೂ ಸಾರ್ವಜನಿಕ ಸ್ಥಳವೇ. ಹೀಗಾಗಿ ಖಾನ್ ಮಾರ್ಕೆಟ್ಟಿನ ರೆಸ್ಟೋರೆಂಟುಗಳು ನನ್ನ ಪಾಲಿಗಿಲ್ಲ. ರಾಮಕೃಷ್ಣಪುರದ ಸರ್ಕಾರಿ ವಸತಿಗೃಹದ ಊಟದ ಮೇಜು ಇದೆ. ವರ್ಷಕ್ಕೆ ಮೂರೋ ನಾಲ್ಕೋ ಬಾಟಲಿ. ವೈನಿನ ಮೇಲೆ ಪ್ರತಿಶತ 150ರಷ್ಟು ಆಮದು ಸುಂಕವಿದ್ದ ಕಾಲದಲ್ಲಿ ಅದೂ ಹೆಚ್ಚೇ ಆಗಿತ್ತು.

ಆದರೆ ಮೇಜಿಗೆ ನಿಯಮಾವಳಿಗಿಂತ ದೊಡ್ಡ ಅಧಿಕಾರಿಯೊಬ್ಬರಿದ್ದಾರೆ. ದೀಪಾವಳಿಯಿಂದ ಯುಗಾದಿಯವರೆಗೆ ಅವ್ವ ನಮ್ಮೊಡನಿರುತ್ತಾಳೆ. ಅಪ್ಪನ ತಮ್ಮ, ನನ್ನ ಕಾಕಾ, ಸಾರಾಯಿಗೆ ಬಲಿಯಾದವರು. ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರ ಜುಲೈನಲ್ಲಿ. ಅವರು ಅದಕ್ಕೆ ಎರಡು ವರ್ಷ ಮುಂಚೆ ತೀರಿಕೊಂಡರು. ಆ ಮನೆಯಲ್ಲಿ ಬಾಳಿದ ಅವ್ವನೆದುರು ಬಾಟಲಿ ತೆರೆಯುವುದು ಹಗುರವಾದ ಮಾತಲ್ಲ. ಮೊದಲ ಸಲ ಅವಳು ಕೇಳಿದ್ದು ಒಂದೇ: “ಹುಡುಗನ ಮುಂದ?” ಮಗನಿಗೆ ಹದಿನಾರು, ದೆಹಲಿಯ ಕಾನೂನಿನಂತೆ ಅವನು ಈ ಗ್ಲಾಸನ್ನು ಮುಟ್ಟಲು ಇನ್ನೂ ಒಂಬತ್ತು ವರ್ಷ ಬೇಕು. “ಮುಚ್ಚಿಟ್ಟು ಕುಡಿಯೂದಕ್ಕಿಂತ ಅವನ ಮುಂದನ ಒಂದು ಗ್ಲಾಸಿಗೆ ನಿಲ್ಲಸೂದು ಚಲೋ ಅಲ್ಲೇನವ್ವಾ?” ಎಂದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, “ನಿಮ್ಮ ಕಾಕಾ ಕುಡುದು ಸತ್ತ ಅಂತಾರ ಎಲ್ಲಾರೂ. ಅಂವಾ ಉಣದ ಸತ್ತ. ತಾಟು ಹಚ್ಚಿ ಕುಂತಿರ್ತಿದ್ದೆ, ಬರತಿದ್ದಿಲ್ಲ” ಎಂದಳು. ಆಮೇಲೆ ತನ್ನ ಷರತ್ತು ಹೇಳಿದಳು: ತಾಟು ಬರುವ ಮುನ್ನ ಗ್ಲಾಸು ಬರಬಾರದು, ತಾಟು ಎತ್ತಿದ ಮೇಲೆ ಗ್ಲಾಸು ಇರಬಾರದು.

ಏನನ್ನು ಬಡಿಸಬೇಕೆಂಬ ಪ್ರಶ್ನೆ ಗಂಭೀರವಾದದ್ದು ಅಂದಿನಿಂದ. ವೈನು ಎಂಟು-ಹತ್ತು ಡಿಗ್ರಿಯಷ್ಟು ತಣ್ಣಗಿರಲಿ ಎನ್ನುವುದು ಸುಲಭದ ಪಾಠ. ಕಠಿಣವಾದದ್ದು ನಮ್ಮ ತಾಟು. ಪುಂಡಿಪಲ್ಯದ ಹುಳಿಯೆದುರು ಸೊವಾವೆ ನೀರಿನಂತೆ ಸಪ್ಪಗಾಯಿತು. ಊಟದ ಹುಳಿ ವೈನಿನ ಹುಳಿಯನ್ನು ಮೀರಬಾರದು. ಕೆಂಪು ಮೆಣಸಿನ ರಂಜಕದ ಜೊತೆ ಬಾಯಿ ಉರಿದುಹೋಯಿತು. ಶೇಕಡಾ ಹನ್ನೆರಡರಷ್ಟೇ ಆಲ್ಕೋಹಾಲ್ ಇದ್ದರೂ ಅದು ಖಾರವನ್ನು ಹೆಚ್ಚಿಸುತ್ತದೆಯೇ ವಿನಾ ಆರಿಸುವುದಿಲ್ಲ. ಹೋಳಿಗೆಯ ಸಿಹಿಯ ಮೇಲೆ ಗುಟುಕರಿಸಿದರೆ ವೈನು ಬರೀ ಹುಳಿ, ಕಹಿ.

ಹೊಂದಿದವು ಅವ್ವನ ಸೌಮ್ಯ ಅಡುಗೆಗಳು. ನಿಂಬೆ ಹಿಂಡಿ ಕೊಬ್ಬರಿ ಉದುರಿಸಿದ ಹೆಸರುಬೇಳೆಯ ಕೋಸಂಬರಿಗೆ ಅದು ಒಡಹುಟ್ಟಿದಂತಿತ್ತು. ಬಿಸಿ ಜೋಳದ ರೊಟ್ಟಿ, ಬೆಣ್ಣೆ, ಖಾರ ಕಡಿಮೆ ಮಾಡಿದ ಶೇಂಗಾ ಹಿಂಡಿಯ ಜೊತೆಗೂ ಒಪ್ಪಿತು. ಕಡಲೆಹಿಟ್ಟಿನ ಈರುಳ್ಳಿ ಭಜಿಯ ಜಿಡ್ಡನ್ನು ಒಂದು ಗುಟುಕು ತೊಳೆದು ನಾಲಿಗೆಯನ್ನು ಹೊಸದಾಗಿಸಿತು. ಕರಾವಳಿಯ ಸಹೋದ್ಯೋಗಿಯೊಬ್ಬರು ಐ.ಎನ್.ಎ. ಮಾರ್ಕೆಟ್ಟಿನಿಂದ ಮಾಂಜಿ ಮೀನು ತಂದು ತಮ್ಮ ಮನೆಯಲ್ಲಿ ರವೆ ಹಚ್ಚಿ ಹುರಿದಾಗಲೂ ಇದೇ ಬಾಟಲಿ ಗೆದ್ದಿತು. ಉಪ್ಪು, ತುಸು ಎಣ್ಣೆ, ಒಂದು ಹನಿ ನಿಂಬೆ: ಇವಿಷ್ಟು ಇರುವಲ್ಲಿ ಅದು ಹೊಂದಿಕೊಳ್ಳುತ್ತದೆ.

ನನ್ನ ಹೆಂಡತಿಗೊಂದು, ನನಗೊಂದು ಗ್ಲಾಸು. 750 ಮಿಲಿಲೀಟರಿನಲ್ಲಿ ಅರ್ಧಕ್ಕಿಂತ ಹೆಚ್ಚೇ ಉಳಿಯುತ್ತದೆ. ಬಿರಡೆ ಹಾಕಿ ಫ್ರಿಜ್ಜಿನ ಬಾಗಿಲಲ್ಲಿ ನಿಲ್ಲಿಸುತ್ತೇನೆ. ಎರಡು-ಮೂರು ದಿನ ಕೆಡದು. ಕಾಕಾನ ಸಾರಾಯಿ ಪಾಕೀಟಿನಲ್ಲಿ ಉಳಿಯುವ ಪ್ರಶ್ನೆಯೇ ಇರಲಿಲ್ಲ. ಬೆಳಿಗ್ಗೆ ಮೊಸರಿಗೆಂದು ಫ್ರಿಜ್ಜು ತೆರೆದ ಅವ್ವ ಆ ಬಾಟಲಿಯನ್ನು ಒಂದು ಕ್ಷಣ ನೋಡುತ್ತಾಳೆ. ಮಟ್ಟ ಅಳೆಯುತ್ತಾಳೋ ಏನೋ. ನಾನು ಕೇಳಿಲ್ಲ, ಅವಳೂ ಹೇಳಿಲ್ಲ.