ಕಿಟಕಿಗೆ ಕಾಣುವ ಮನೆ

ನಮ್ಮ ಮನೆಗೆಲಸದಾಕೆಯ ಮನೆ ನನ್ನ ಅಡುಗೆಮನೆಯ ಕಿಟಕಿಗೆ ಕಾಣುತ್ತದೆ. ನಾವಿರುವುದು ಮೊದಲ ಮಹಡಿ. ಹಿಂದೆ ಬಡಾವಣೆಯ ಎತ್ತರದ ಗೋಡೆ. ಅದರಾಚೆ ಶೀಟಿನ ಮನೆಗಳ ಸಾಲು. ಅದರಲ್ಲಿ ನೀಲಿ ಬಾಗಿಲಿನದು ಅವಳದು. ನಾನು ಒಗ್ಗರಣೆ ಹಾಕಿದರೆ ಅವಳಿಗೆ ಸೀನು ಬರಬೇಕು, ಅಷ್ಟು ಹತ್ತಿರ. ಆದರೂ ದಿನವೂ ತಡ. “ಈಗ ಹೊರಟೆ ಅಕ್ಕಾ” ಎಂದು ಫೋನಿನಲ್ಲಿ ಹೇಳಿ, ಅರ್ಧ ಗಂಟೆಯ ಮೇಲೆ ಬೆಲ್ ಒತ್ತುತ್ತಾಳೆ. ಒಂದು ದಿನ ರೇಗಿಯೇಬಿಟ್ಟೆ. “ಕೈ ಚಾಚಿದ್ರೆ ಸಿಗೋ ಮನೆಯಿಂದ ಬರೋಕೆ ಇಷ್ಟು ಹೊತ್ತಾ?” ಅವಳು ಮಾತಾಡದೆ ಪೊರಕೆ ತೆಗೆದುಕೊಂಡಳು.

ನಾವು ಈ ಹೊಸ ಬಡಾವಣೆಗೆ ಬಂದು ನಾಲ್ಕು ವರ್ಷವಾಯಿತು. ಅದಕ್ಕೆ ಮುಂಚೆ ಇದ್ದದ್ದು ಮಲ್ಲೇಶ್ವರದಲ್ಲಿ. ನಮ್ಮತ್ತೆ ಮದುವೆಯಾಗಿ ಬಂದ ಮನೆ ಅದು. ಅಲ್ಲಿ ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆಗಳು ಅಕ್ಕತಂಗಿಯರಂತೆ ಜೊತೆಜೊತೆಯಾಗಿ ಹೋಗುತ್ತವೆ. ಅಡ್ಡರಸ್ತೆಗಳು ಏಣಿಯ ಮೆಟ್ಟಿಲಿನಂತೆ ಅವನ್ನು ಕೂಡಿಸುತ್ತವೆ. ಎಂಟನೇ ಕ್ರಾಸಿನಲ್ಲಿ ಹಬ್ಬದ ಜನಜಂಗುಳಿಯೇ? ಏಳನೆಯದರಲ್ಲಿ ತಿರುಗಿದರಾಯಿತು. ಅದೂ ಬೇಡವೆಂದರೆ ಮನೆಗಳ ಹಿಂದಿನ ಕನ್ಸರ್ವೆನ್ಸಿ ಗಲ್ಲಿ. ಎಪ್ಪತ್ತು ದಾಟಿದರೂ ಅತ್ತೆ ಒಬ್ಬರೇ ಹೋಗಿ ಹೂವು, ಸೊಪ್ಪು, ಊರಿನ ಸುದ್ದಿ ಮೂರನ್ನೂ ಒಂದೇ ಚೀಲದಲ್ಲಿ ತರುತ್ತಿದ್ದರು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದು, ಪೇಟೆಯ ಇಕ್ಕಟ್ಟಿನಿಂದ ಜನ ಹೊರಬಂದ ಮೇಲೆ ಬಸವನಗುಡಿ, ಮಲ್ಲೇಶ್ವರಗಳು ಬೆಳೆದ ಕತೆಯನ್ನು ತಮ್ಮ ಅತ್ತೆಯಿಂದ ಕೇಳಿದ್ದು ಎಂದು ಅವರೇ ನನಗೆ ಹೇಳಿದ್ದು.

ಇಲ್ಲಿ ಬಡಾವಣೆಗೆಲ್ಲ ಒಂದೇ ಗೇಟು. ಒಳಗಿನ ರಸ್ತೆಗಳು ಕುಂಬಳಬಳ್ಳಿಯ ಕುಡಿಗಳಂತೆ ಚೆಂದವಾಗಿ ಬಳುಕಿ, ಯಾರದೋ ಕಾರಿನ ಮುಂದೆ ನಿಂತುಬಿಡುತ್ತವೆ. ಬಂದ ವಾರವೇ ಅತ್ತೆ ಉತ್ಸಾಹದಿಂದ ಹೊರಟರು. ಮೂರು ಕಡೆ ಹೋಗಿ, ಮೂರು ಕಡೆಯೂ ಗೋಡೆ ನೋಡಿ ಹಿಂದಿರುಗಿದರು. “ಹೋಗಿದ್ದೇ ದಾರೀಲಿ ವಾಪಸ್ಸು ಬರೋದಕ್ಕೆ ಹೋಗೋದು ಯಾಕೆ?” ಎಂದು ಚಪ್ಪಲಿ ಬಿಟ್ಟವರು ಮತ್ತೆ ಮೆಟ್ಟಿದ್ದು ಅಪರೂಪ. ಗೇಟಿನಾಚೆ ಏನು ಬೇಕಾದರೂ ನಮ್ಮವರು ಕಾರು ತೆಗೆಯಬೇಕು.

ಇದು ನಮ್ಮೊಬ್ಬರ ಪಾಡಲ್ಲವಂತೆ. 2020ರಲ್ಲಿ ಬ್ಯಾರಿಂಗ್ಟನ್-ಲೀ, ಮಿಲ್ಲರ್ಡ್-ಬಾಲ್ ಎಂಬ ಇಬ್ಬರು ಸಂಶೋಧಕರು ಪ್ರಪಂಚದ ಬೀದಿಗಳ ನಕ್ಷೆಯನ್ನೇ ಹರಡಿಕೊಂಡು, ಎಷ್ಟು ಬೀದಿಗಳು ಮುಂದೆ ಕೂಡುತ್ತವೆ, ಎಷ್ಟು ಅಲ್ಲೇ ಮುಗಿಯುತ್ತವೆ ಎಂದು ಲೆಕ್ಕ ಹಾಕಿದರು. 1975ರಿಂದೀಚೆಗೆ ಬೆಳೆದ ಊರುಗಳಲ್ಲಿ, ಒಟ್ಟಾರೆ ನೋಡಿದರೆ, ಕೂಡುವ ಬೀದಿಗಳು ಕಡಿಮೆಯಾಗುತ್ತಲೇ ಬಂದಿವೆ. ಮನೆಯನ್ನಾದರೂ ಕೆಡವಿ ಕಟ್ಟಬಹುದು. ಒಮ್ಮೆ ಹಾಕಿದ ಬೀದಿಯ ಗೆರೆ ಮಾತ್ರ ಸುಲಭಕ್ಕೆ ಬದಲಾಗುವುದಿಲ್ಲ. ನಮ್ಮವರು ಇದನ್ನು ಓದಿ ಹೇಳಿದಾಗ ನಾನು ಹೂಂಗುಟ್ಟಿ ಬೇಳೆ ಆರಿಸುತ್ತಿದ್ದೆ.

ರೇಗಿದ ಮರುವಾರ ಕೆಲಸದಾಕೆ ಎರಡು ದಿನ ಬರಲಿಲ್ಲ. ಮಗನಿಗೆ ಜ್ವರವಂತೆ. “ಕಣ್ಣೆದುರಿಗಿರೋ ಮನೆ, ಹೋಗಿ ನೋಡ್ಕೊಂಡು ಬಾರೇ” ಎಂದರು ಅತ್ತೆ. ಡಬ್ಬಿಗೆ ಗಂಜಿ ಹಾಕಿಕೊಂಡು ಹೊರಟೆ. “ನಡ್ಕೊಂಡು ಹೋಗ್ತೀರಾ ಮೇಡಂ? ಆಟೋ ಕರೀಲಾ?” ಎಂದ ಗೇಟಿನವನು. ಅವನ ಮಾತು ಆಗ ಅರ್ಥವಾಗಲಿಲ್ಲ.

ಗೇಟು ದಾಟಿದರೆ ಮುಖ್ಯರಸ್ತೆ. ಫುಟ್‌ಪಾತ್ ಇಲ್ಲ, ಟಿಪ್ಪರುಗಳ ಗಾಳಿಗೆ ಸೆರಗು ಹಾರುತ್ತದೆ. ನಮ್ಮ ಗೋಡೆ ಮುಗಿಯಿತು ಎನ್ನುವಷ್ಟರಲ್ಲಿ ಪಕ್ಕದ ಬಡಾವಣೆಯ ಗೋಡೆ ಶುರು. ಅದೂ ಮುಗಿದ ಮೇಲೆ ಮೋರಿ, ಮೋರಿಯ ಪಕ್ಕದ ಮಣ್ಣುದಾರಿ, ಅಲ್ಲಿಂದ ಮತ್ತೆ ಅಷ್ಟೇ ದೂರ ಹಿಂದಕ್ಕೆ. ನೀಲಿ ಬಾಗಿಲು ತಟ್ಟಿ ಗಡಿಯಾರ ನೋಡಿಕೊಂಡೆ. 26 ನಿಮಿಷ. ಬಂದು ಹೋಗಲು ಇದರ ಎರಡರಷ್ಟು. ಇನ್ನೆರಡು ಮನೆಗಳ ಕೆಲಸಕ್ಕೆ ಅವಳು ಸಂಜೆ ಮತ್ತೊಮ್ಮೆ ಬರುತ್ತಾಳೆ.

“ಇಷ್ಟು ದೂರ ಅಂತ ಹೇಳಬಾರದಿತ್ತಾ?”

“ಹೇಳಿದ್ರೆ ಗೋಡೆ ಜರುಗುತ್ತಾ ಅಕ್ಕಾ?” ಎಂದು ನಕ್ಕಳು. “ಮೊದಲು ಇಲ್ಲೇ ಕಾಲುದಾರಿ ಇತ್ತು. ನಿಮ್ಮನೆ ಇರೋದು ರಾಗಿ ಹೊಲದಲ್ಲಿ.”

ಅಷ್ಟರಲ್ಲಿ ಮೇಲಿನಿಂದ ಕೂಗು. ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಅತ್ತೆ. “ಜ್ವರ ಇಳೀತೇನೇ?” “ಇಳೀತು ಅಜ್ಜಿ!” ಮಾತು ಗೋಡೆ ದಾಟಿತು, ಡಬ್ಬಿ ಮಾತ್ರ ಸುತ್ತಿ ಬಂದಿತ್ತು. ನಾನು ತಲೆ ಎತ್ತಿ ನೋಡಿದೆ. ದಿನವೂ ಅಲ್ಲಿ ನಿಂತು ಅವಳನ್ನು ಸೋಮಾರಿ ಎಂದುಕೊಂಡವಳು ನಾನು.

ಆ ತಿಂಗಳು ಬಡಾವಣೆಯ ಸಂಘದ ಸಭೆಯಲ್ಲಿ, ಹಿಂದಿನ ಗೋಡೆಗೆ ಒಂದಾಳು ನುಸುಳುವಷ್ಟು ಬಾಗಿಲಿಡಿ, ಹಗಲು ಮಾತ್ರ ತೆರೆಯಿರಿ ಎಂದು ಕೇಳಿದೆ. ಭದ್ರತೆಯ ಮಾತು ಬಂತು. “ಕೆಲಸದವರಿಗಾಗಿ ಗೋಡೆ ಒಡೆಯೋದಾ?” ಎಂದರೊಬ್ಬರು. ಜೊತೆಗೆ ಬಂದಿದ್ದ ಅತ್ತೆ ಎದ್ದು ನಿಂತರು. “ನನಗಾಗಿ ಒಡೀರಪ್ಪಾ. ಆಚೆ ಸೊಪ್ಪಿನ ಅಂಗಡಿ ಕಾಣ್ಸುತ್ತೆ, ಗುಡಿ ಗಂಟೆ ಕೇಳ್ಸುತ್ತೆ. ನಾಲ್ಕು ವರ್ಷದಿಂದ ಹೋಗಕ್ಕಾಗಿಲ್ಲ. ಪ್ಲೇಗಿಗೆ ಹೆದರಿದವರು ದಾರಿ ಬಿಟ್ಟು ಊರು ಕಟ್ಟಿದ್ರು. ನೀವು ಏನಕ್ಕೆ ಹೆದರಿ ಮುಚ್ಚಿದೀರಿ?”

ಸಭೆ ಮುಂದಕ್ಕೆ ಹೋಯಿತು. ಬಾಗಿಲು ಇನ್ನೂ ಆಗಿಲ್ಲ. ಅತ್ತೆ ಮಾತ್ರ ಪ್ರತಿ ಸಭೆಗೂ ಚಪ್ಪಲಿ ಮೆಟ್ಟಿ ತಯಾರಾಗಿರುತ್ತಾರೆ. ಕೆಲಸದಾಕೆಯ ವೇಳೆಯನ್ನು ನಾನೇ ಅರ್ಧ ಗಂಟೆ ಮುಂದಕ್ಕೆ ಹಾಕಿದ್ದೇನೆ. “ಈಗ ಹೊರಟೆ ಅಕ್ಕಾ” ಎಂದು ಫೋನು ಬಂದೊಡನೆ ಕಿಟಕಿಯಲ್ಲಿ ನೀಲಿ ಬಾಗಿಲು ಮುಚ್ಚುವುದು ಕಾಣುತ್ತದೆ. ಇನ್ನು 26 ನಿಮಿಷ. ಅವಳು ಬಂದು ಕುಡಿಯಲೆಂದು ಕಾಫಿಗೆ ಡಿಕಾಕ್ಷನ್ ಇಳಿಸುತ್ತೇನೆ.